ಈರುಳ್ಳಿ ಸಿಪ್ಪೆಯ ಬಣ್ಣ

ಆಗೊತಾಳ ಮದುವೆಗೆಂದು ಅವಳ ಅಜ್ಜಿ ಕೈಯಾರೆ ನೇಯ್ದು ಕೊಟ್ಟಿದ್ದ ಆರು ಅಗಸೆನಾರಿನ ಮೇಲ್ಹಾಸುಗಳಲ್ಲಿ ಎರಡು ಕಡಿಮೆಯಾಗಿವೆ ಎಂದು ಗೊತ್ತಾದದ್ದು ಸೆಪ್ಟೆಂಬರಿನಲ್ಲಿ, ವಠಾರದ ಒಗೆಯುವ ಕೋಣೆ ಅವರ ಮನೆಯ ಸರದಿಗೆ ಬಂದ ದಿನ. ಆಗೊತಾ ಕೆಳಗೆ ಹಂಡೆಯಲ್ಲಿ ನೀರು ಕಾಯಲಿಟ್ಟು, ಮೂರು ಮಹಡಿ ಹತ್ತಿ ಬಂದು, ಬೀರುವನ್ನೆಲ್ಲ ಬರಿದು ಮಾಡಿ ಎಣಿಸಿದಳು. ನಾಲ್ಕೇ ಇದ್ದವು.

"ಅಮ್ಮಾ, ನನ್ನ ಹಾಸು ಎರಡು ಎಲ್ಲಿಗೋದ್ವು?"

ಎತೆಲ್ಕಾ ಅಡುಗೆಮನೆಯ ಮೇಜಿನ ಮುಂದೆ ಕೂತು ಹುರುಳಿಕಾಯಿ ಮುರಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಎರಡಲ್ಲ, ಒಂದೂವರೆ," ಎಂದಳು. "ಅರ್ಧ ಇನ್ನೂ ಇದೆ. ದಿಂಬಿನ ಚೀಲ ಹೊಲ್ಕೋಬಹುದು."

ಆಗೊತಾ ಚಿಕ್ಕ ಕೋಣೆಗೆ ಹೋಗಿ ನೋಡಿದಳು. ಕಿಟಕಿಯ ಪಕ್ಕದ ಗೋಡೆಗೆ ಆನಿಸಿದ್ದ ಮರದ ಚೌಕಟ್ಟಿನ ಮೇಲೆ ಅವಳ ಹಾಸು ಬಿಗಿದು ಕೂತಿತ್ತು. ಅದರ ಮೇಲೆ ಒಂದು ಕಡೆ ಅಗಲವಾದ ಕಂದು ಪಟ್ಟಿ, ಇನ್ನೊಂದು ಕಡೆ ಚಹಾ ಚೆಲ್ಲಿದ ಹಾಗೆ ಹರಡಿದ ಹಳದಿ. ಉಳಿದದ್ದು ಬರೀ ಬಟ್ಟೆ. ಮನುಷ್ಯರಿಲ್ಲ, ಮರವಿಲ್ಲ. ಅಂಥವೇ ಎಂಟು ಚಿತ್ರಗಳು ಮಂಚದ ಹಿಂದೆ, ಬೀರುವಿನ ಮೇಲೆ, ಬಾಗಿಲ ಸಂದಿಯಲ್ಲಿ ನಿಂತಿದ್ದವು.

"ಇದನ್ನ ಯಾತರಲ್ಲಿ ಬಳಿದಿದ್ದೀಯ?" ಎಂದು ಅಲ್ಲಿಂದಲೇ ಕೂಗಿದಳು.

"ಈರುಳ್ಳಿ ಸಿಪ್ಪೆ ಕುದಿಸಿ. ಕಂದು ಬಣ್ಣ ಆಕ್ರೋಟದ ಸಿಪ್ಪೇದು. ಅಂಟಿಗೆ ಗೋಧಿಹಿಟ್ಟು."

"ಈಸ್ಟರಿಗೆ ಮೊಟ್ಟೆಗೆ ಬಣ್ಣ ಹಾಕೋ ಹಾಗೆ ನನ್ನ ಮದುವೆ ಹಾಸಿಗೆ ಬಣ್ಣ ಹಾಕಿದ್ದೀಯ. ಚೆನ್ನಾಗಿದೆ! ನನ್ನ ಮಗಳಿಗೆ ಹದಿಮೂರು ವರ್ಷ ಅಮ್ಮ, ನಮ್ಮ ಕೋಣೇಲಿ ಬೀರು ಹಿಂದೆ ಮಲಗ್ತಾಳೆ. ಅವರಪ್ಪ ಬಟ್ಟೆ ಬದಲಾಯಿಸಬೇಕಾದ್ರೆ ದೀಪ ಆರಿಸ್ತಾನೆ. ಈ ಕೋಣೇಲಿ ಅವಳಿಗೊಂದು ಮಂಚ ಹಾಕೋ ಜಾಗದಲ್ಲಿ ನಿನ್ನ ಚಹಾ ಕಲೆ ನಿಂತಿದೆ!"

ಅದೇ ಕೋಣೆಯ ಮೂಲೆಯ ಮಂಚದಿಂದ ಮುದುಕಿ ರೊಜಾಲ್ ಕೇಳಿದಳು: "ಯಾವ ಹಾಸೇ ಅದು? ಕೆಂಪು ಅಂಚಿಂದಾ?"

"ಹೂಂ ಅಜ್ಜಿ, ಕೆಂಪು ಅಂಚಿಂದೇ."

"ಅದು ಬೇಗ ಹರಿಯಲ್ಲ. ಬಿಡು," ಎಂದಳು ರೊಜಾಲ್.

ಆಗೊತಾ ಉಳಿದ ಬಟ್ಟೆಯ ಗಂಟು ಹೊತ್ತು ಮೆಟ್ಟಿಲಿಳಿದಳು. ಸಂಜೆಯವರೆಗೂ ಮೇಲೆ ಬರಲಿಲ್ಲ. ಅಂಗಳದ ಸುತ್ತಲಿನ ಕಬ್ಬಿಣದ ಕಟಾಂಜನದ ಮೇಲೆ ನಾಲ್ಕು ಹಾಸು ಒಣಗಿದ್ದನ್ನು ವಠಾರದವರೆಲ್ಲ ನೋಡಿದರು. ಎಲ್ಲರಿಗೂ ವಿಷಯ ಆಗಲೇ ತಿಳಿದಿತ್ತು.

ಆ ಮನೆಯಲ್ಲಿ ಐದು ಜನ. ರೊಜಾಲಳಿಗೆ ಎಂಬತ್ತೆರಡು, ಕಣ್ಣು ಮುಕ್ಕಾಲು ಹೋಗಿತ್ತು. ಅವಳ ಮಗಳು ಎತೆಲ್ಕಾಳಿಗೆ ಆ ನವೆಂಬರಿಗೆ ಅರವತ್ತು ತುಂಬಬೇಕು. ಎತೆಲ್ಕಾಳ ಮಗಳು ಆಗೊತಾ ಕಾಲುಚೀಲದ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಿದ್ದಳು. ಅವಳ ಗಂಡ ಲೊರಿಂಟ್ಸ್ ಟ್ರಾಮ್ ಓಡಿಸುತ್ತಿದ್ದ. ಅವರಿಗೆ ಒಬ್ಬಳೇ ಮಗಳು, ಎಮೊಕೆ. ದೊಡ್ಡ ಕೋಣೆ ಒಂದು, ಚಿಕ್ಕ ಕೋಣೆ ಒಂದು, ಅಡುಗೆಮನೆ. ಪಾಯಖಾನೆ ಮೊಗಸಾಲೆಯ ತುದಿಯಲ್ಲಿ, ಮೂರು ಮನೆಗೆ ಸೇರಿ.

ಎತೆಲ್ಕಾ ಹತ್ತೊಂಬತ್ತನೇ ವಯಸ್ಸಿಗೆ ಚಿತ್ರ ಬರೆಯಲು ಹಳ್ಳಿ ಬಿಟ್ಟವಳು. ನದಿಯ ಪಕ್ಕದ ಒಂದು ಊರಿನಲ್ಲಿ ಬೇಸಿಗೆಯಲ್ಲಿ ಚಿತ್ರಕಾರರೆಲ್ಲ ಸೇರುತ್ತಿದ್ದರು. ಅಲ್ಲಿ ನಾಲ್ಕು ಬೇಸಿಗೆ ಪ್ಲಮ್ ಮರಗಳನ್ನೂ ಅವುಗಳ ಮೇಲೆ ಬಿದ್ದ ಬಿಸಿಲನ್ನೂ ಬರೆದಳು. ಆಗಿನ ಅವಳ ಚಿತ್ರಗಳಲ್ಲಿ ನೆರಳೂ ನೀಲಿಯಾಗಿ ಹೊಳೆಯುತ್ತಿತ್ತು. ಚೌಕಟ್ಟು ಮಾಡುವ ಎಡೊನ್ ಎಂಬವನನ್ನು ಮದುವೆಯಾದಳು, ಆಗೊತಾ ಹುಟ್ಟಿದಳು. ಬಣ್ಣದ ಕೊಳವೆ ಕೊಳ್ಳಲು ಕೈಯಲ್ಲಿ ಏನೂ ಇರುತ್ತಿರಲಿಲ್ಲವಾದ್ದರಿಂದ ಶಾಯಿಯಲ್ಲಿ ಬರೆಯತೊಡಗಿದಳು: ಒಲೆ, ತೊಟ್ಟಿಲು, ಪಾತ್ರೆ ಉಜ್ಜುವ ಕೈ. ಎಲ್ಲ ಕಪ್ಪು. ಯುದ್ಧಕ್ಕೆ ಹೋದ ಎಡೊನ್ ರಷ್ಯಾದ ಹಿಮದಿಂದ ತಿರುಗಿ ಬರಲಿಲ್ಲ.

ಐವತ್ತೊಂದನೇ ಇಸವಿಯಲ್ಲಿ, ಕೆಲಸಗಾರರ ಚಿತ್ರ ಬರೆಯಲೆಂದು, ಸರ್ಕಾರದವರು ಅವಳನ್ನು ಇಟ್ಟಿಗೆ ಕಾರ್ಖಾನೆಗೆ ಕಳಿಸಿದರು. ಮೂರು ತಿಂಗಳು ಅಲ್ಲಿ ಹೆಂಗಸರ ಜೊತೆ ಇದ್ದು, ಗೋಡೆಯಷ್ಟು ದೊಡ್ಡ ಚಿತ್ರವೊಂದನ್ನು ಬರೆದಳು. ಮೊದಲು ಬರೆದಾಗ ಹೆಂಗಸರು ಗೂಡಿನ ಪಕ್ಕ ಕಾಲು ಚಾಚಿ ಕೂತಿದ್ದರು. ನೋಡಲು ಬಂದ ಅಧಿಕಾರಿಗಳು ಅವರನ್ನು ಎದ್ದು ನಿಲ್ಲಿಸಿ ಅಂದರು. ನಿಲ್ಲಿಸಿದಳು. ನಗಿಸಿ ಅಂದರು. ನಗಿಸಿದಳು. ಆ ಚಿತ್ರಕ್ಕೆ ಬಹುಮಾನ ಬಂತು, ಅಂಥವೇ ಇನ್ನೂ ಹತ್ತು ಹನ್ನೆರಡು ಬರೆಯಿಸಿಕೊಂಡರು. ಅದಾದ ಮೇಲೆ ಏಳು ವರ್ಷ ಅವಳು ಕುಂಚ ಹಿಡಿದದ್ದು ಸಹಕಾರಿ ಸಂಘವೊಂದರಲ್ಲಿ ತಲೆವಸ್ತ್ರಗಳ ಮೇಲೆ ಹೂವು ಬರೆಯಲಿಕ್ಕೆ ಮಾತ್ರ. ನಿವೃತ್ತಿಯಾದ ಮೇಲೆ ಒಂದು ದಿನ ಸಾರಿನ ಪಾತ್ರೆಯಿಂದ ಈರುಳ್ಳಿ ಸಿಪ್ಪೆ ತೆಗೆದು ಹಳೇ ಟವೆಲಿನ ಮೇಲೆ ಇಟ್ಟಳು. ಕಲೆ ಆಯಿತು. ಅದನ್ನು ಬಹಳ ಹೊತ್ತು ನೋಡಿದಳು. ಕಂದು ಚಿತ್ರಗಳು ಶುರುವಾದದ್ದು ಹಾಗೆ.

ಸೆಪ್ಟೆಂಬರಿನ ಕೊನೆಗೆ ಹಾಲ್ಮೊಶಿ ಬಂದ. ಅವನೂ ಒಂದು ಕಾಲಕ್ಕೆ ಪ್ಲಮ್ ಮರ ಬರೆದವನೇ. ಈಗ ಬಡಾವಣೆಯ ಸಂಸ್ಕೃತಿ ಭವನದಲ್ಲಿ ಕೆಲಸದಲ್ಲಿದ್ದ. ಎತೆಲ್ಕಾಳಿಗೆ ಅರವತ್ತು ತುಂಬುವ ನೆಪದಲ್ಲಿ ಅವಳ ಚಿತ್ರಗಳ ಪ್ರದರ್ಶನ ಇಡುತ್ತಾರೆ, ಆರಿಸಲು ಸಮಿತಿ ಮನೆಗೇ ಬರುತ್ತದೆ ಎಂದ. ಕೊಬ್ಬು ಸವರಿ ಈರುಳ್ಳಿ ಇಟ್ಟ ಬ್ರೆಡ್ಡು ಎರಡು ತುಂಡು ತಿಂದ. ಕಂದು ಚಿತ್ರಗಳನ್ನು ಒಂದೊಂದಾಗಿ ನೋಡಿದ. ಎತೆಲ್ಕಾಳ ಮುಂದೆ ಏನೂ ಹೇಳಲಿಲ್ಲ. ಹೊರಡುವಾಗ ಮೊಗಸಾಲೆಯಲ್ಲಿ ಆಗೊತಾಳನ್ನು ನಿಲ್ಲಿಸಿಕೊಂಡ.

"ಕಲಾವಿದರಿಗೆ ಸರ್ಕಾರ ಕೊಡೋ ಸ್ಟುಡಿಯೋ ಮನೆಗೆ ನಿಮ್ಮಮ್ಮ ಅರ್ಜಿ ಹಾಕಿ ಎಷ್ಟು ವರ್ಷ ಆಯ್ತಮ್ಮ?"

"ಹನ್ನೊಂದು."

"ಈ ಸಲ ಆಗೋ ಹಾಗಿದೆ. ಸಮಿತೀಲಿ ಇರೋರೇ ಮನೆ ಹಂಚೋ ಕಡೇಲೂ ಇದ್ದಾರೆ. ಆದ್ರೆ ಒಂದು ಮಾತು. ಒಳಗಿರೋ ಅವು ಇದಾವಲ್ಲ, ಅವನ್ನ ಕಂಡ್ರೆ ಅವರು ಎರಡರಲ್ಲಿ ಒಂದು ಅಂತಾರೆ. ಈಯಮ್ಮಂಗೆ ತಲೆ ಕೆಟ್ಟಿದೆ ಅಂತಾನೋ, ಇಲ್ಲ ನಮ್ಮನ್ನ ಗೇಲಿ ಮಾಡ್ತಿದ್ದಾಳೆ ಅಂತಾನೋ. ಎರಡಕ್ಕೂ ಸ್ಟುಡಿಯೋ ಕೊಡಲ್ಲ."

"ನೀವೇ ಅಮ್ಮಂಗೆ ಹೇಳಬಹುದಿತ್ತಲ್ಲ?"

"ನಾನು ಹೇಳಿದ್ರೆ ಅವಳು ಆ ಒಂಬತ್ತನ್ನೇ ಬಾಗಿಲಿಗೆ ನೇತು ಹಾಕ್ತಾಳೆ. ನಿಮಗೆ ಗೊತ್ತಿಲ್ವಾ?" ಎಂದು ಹಾಲ್ಮೊಶಿ ಟೋಪಿ ಹಾಕಿಕೊಂಡ.

ಸಮಿತಿ ಬರುವುದು ಅಕ್ಟೋಬರಿನ ಎರಡನೇ ಗುರುವಾರ ಎಂದಾಯಿತು. ಬೆಳಿಗ್ಗೆ ಎತೆಲ್ಕಾ ತಾಯಿಯನ್ನು ಕಣ್ಣಿನ ವೈದ್ಯರಿಗೆ ತೋರಿಸಲು ಕರೆದುಕೊಂಡು ಹೋಗಬೇಕಿತ್ತು. ಅವರಿಬ್ಬರೂ ಮೆಟ್ಟಿಲಿಳಿದದ್ದೇ ತಡ, ಆಗೊತಾ ಗಂಡನನ್ನು ಎಬ್ಬಿಸಿದಳು.

"ಏಳು, ಇವನ್ನ ಕೆಳಗೆ ಸಾಗಿಸಬೇಕು."

"ಎಲ್ಲಿಗೆ?"

"ನಮ್ಮ ಕಲ್ಲಿದ್ದಲ ಗೂಡಿಗೆ. ಒಂದೇ ದಿನ. ಸಂಜೆ ತಂದಿಡೋಣ."

ಲೊರಿಂಟ್ಸ್ ತೂಕಡಿಸುತ್ತಾ ಎದ್ದು ಕೂತ. "ಅತ್ತೆಗೆ ಹೇಳಿದ್ದೀಯಾ?"

"ಹೇಳಿದ್ರೆ ಬಿಡ್ತಾಳಾ?"

"ಹಾಗಾದ್ರೆ ನಾನು ಮುಟ್ಟಲ್ಲ."

"ಮುಟ್ಟಬೇಡ. ಇನ್ನು ಐದು ವರ್ಷ ಮಗಳ ಎದುರಿಗೆ ಕತ್ತಲಲ್ಲಿ ಚಡ್ಡಿ ಹಾಕ್ಕೋ," ಎಂದಳು ಆಗೊತಾ.

ಲೊರಿಂಟ್ಸ್ ಒಂಬತ್ತು ಸಲ ನೆಲಮಾಳಿಗೆಗೆ ಇಳಿದು ಹತ್ತಿದ. ಕೊನೆಯದನ್ನು ಹೊತ್ತಾಗ ವಠಾರದ ಕಾವಲುಗಿತ್ತಿ ಎದುರಿಗೆ ಸಿಕ್ಕಳು. "ಏನಪ್ಪಾ, ಮನೆ ಬಿಡ್ತಿದ್ದೀರಾ?" ಎಂದು ಕೇಳಿದಳು. "ಪರದೆ," ಎಂದ ಲೊರಿಂಟ್ಸ್. ಅವಳು ನಕ್ಕಳು.

ಎತೆಲ್ಕಾ ತಾಯಿಯ ಕೈ ಹಿಡಿದು ಮರಳಿ ಬರುವಷ್ಟರಲ್ಲಿ ಸಮಿತಿಯವರು ಆಗಲೇ ಚಿಕ್ಕ ಕೋಣೆಯಲ್ಲಿ ನಿಂತಿದ್ದರು: ಹಾಲ್ಮೊಶಿ, ಇನ್ನೊಬ್ಬ ಗಂಡಸು, ಟಿಪ್ಪಣಿ ಪುಸ್ತಕ ಹಿಡಿದ ಒಬ್ಬ ಹೆಂಗಸು. ಗೋಡೆಯ ತುಂಬ ಪ್ಲಮ್ ಮರಗಳು, ಇಟ್ಟಿಗೆ ಹೆಂಗಸರ ಕರಡುಗಳು. ಹದಿನೈದು ವರ್ಷದಿಂದ ಬೀರುವಿನ ಹಿಂದೆ ಇದ್ದವು ಅವು. ಎಮೊಕೆ ಶಾಲೆಗೆ ಹೋಗದೆ, ಒಳ್ಳೆಯ ಲಂಗ ಹಾಕಿಕೊಂಡು, ಕಾಫಿಯ ತಟ್ಟೆ ಹಿಡಿದು ನಿಂತಿದ್ದಳು.

ಎತೆಲ್ಕಾ ಕೋಣೆಯನ್ನೊಮ್ಮೆ ನೋಡಿದಳು. ತಾಯಿಯನ್ನು ಮಂಚದ ಮೇಲೆ ಕೂರಿಸಿದಳು. ಕೋಟಿನ ಗುಂಡಿ ಬಿಚ್ಚಿದಳು.

"ಇವು ನಿಜವಾಗಿ ಜನರ ಚಿತ್ರಗಳು," ಎಂದಳು ಪುಸ್ತಕದ ಹೆಂಗಸು. "ಇತ್ತೀಚೆಗೆ ಏನು ಬರೀತಿದ್ದೀರಿ?"

ಎತೆಲ್ಕಾ ಬಾಯಿ ತೆರೆಯುವ ಮೊದಲೇ ಆಗೊತಾ ಹೇಳಿದಳು: "ಇತ್ತೀಚೆಗೆ ಏನೂ ಇಲ್ಲ. ಅಮ್ಮನಿಗೆ ಕೈ ನೋವು."

ಎಮೊಕೆಗೆ ಇದ್ದದ್ದೆಲ್ಲ ಗೊತ್ತಿತ್ತು. ಅಜ್ಜಿಯ ಮುಖ ನೋಡಲಾರದೆ ನೆಲ ನೋಡುತ್ತಿದ್ದಳು. ಎತೆಲ್ಕಾ ಮೊಮ್ಮಗಳನ್ನು ನೋಡಿದಳು, ಮಗಳನ್ನು ನೋಡಿದಳು.

"ಹೌದು, ಕೈ ನೋವು," ಎಂದಳು. "ಈಗೇನಿದ್ರೂ ಸಾರು ಮಾಡ್ತೀನಿ ಅಷ್ಟೆ."

ಸಮಿತಿಯವರು ನಕ್ಕರು. ಮೂವತ್ತೆಂಟು ಚಿತ್ರಗಳನ್ನು ಆರಿಸಿ ಹೋದರು.

ಬಾಗಿಲು ಮುಚ್ಚಿದ ಮೇಲೆ ರೊಜಾಲ್ ಮಂಚದಿಂದ ಕೇಳಿದಳು: "ಯಾರಿಗೇ ಕೈ ನೋವು? ಬೆಳಿಗ್ಗೆ ನನ್ನನ್ನ ಟ್ರಾಮಿಗೆ ಎತ್ತಿ ಹಾಕಿದ್ಯಲ್ಲ!"

"ಎಲ್ಲಿವೆ?" ಎಂದು ಎತೆಲ್ಕಾ ಮಗಳನ್ನು ಕೇಳಿದಳು.

"ಕೆಳಗೆ. ಸಂಜೆ ತರ್ತೀವಿ. ಹಾಗೆ ನೋಡಬೇಡ ಅಮ್ಮ. ನಿನಗೋಸ್ಕರಾನೇ ಮಾಡಿದ್ದು."

"ನನಗೋಸ್ಕರ ಮಾಡಿದ್ದಾದ್ರೆ ನನ್ನನ್ನ ಕೇಳ್ತಿದ್ದೆ."

"ಕೇಳಿದ್ರೆ ಏನಂತಿದ್ದೆ?"

"ಬೇಡ ಅಂತಿದ್ದೆ."

"ಮತ್ತೆ! ಬೇಡ ಅಂತ ಎಷ್ಟು ಸುಲಭ ನಿನಗೆ. ನಾನು ಹುಟ್ಟಿದಾಗಿಂದ ನೋಡ್ತಿದ್ದೀನಿ. ಕಪ್ಪು ಬರೀವಾಗ ಮನೆ ಕಪ್ಪು, ಇಟ್ಟಿಗೆ ಬರೀವಾಗ ಮೂರು ತಿಂಗಳು ಮನೇಗೇ ಬರಲಿಲ್ಲ. ಕಾಲು ಮುರ್ಕೊಂಡಾಗ ನನ್ನನ್ನ ಆಸ್ಪತ್ರೆಗೆ ಸೇರಿಸಿದ್ದು ಪಕ್ಕದ ಮನೆಯೋರು. ಈಗ ನನ್ನ ಹಾಸೂ ಹೋಯ್ತು. ನಿನ್ನ ಚಿತ್ರ ಬದಲಾದಾಗೆಲ್ಲ ನಾವು ಯಾಕೆ ಬದಲಾಗ್ಬೇಕು?"

ಎತೆಲ್ಕಾ ಅಡುಗೆಮನೆಗೆ ಹೋಗಿ ಒಲೆ ಹೊತ್ತಿಸಿದಳು. ಆ ದಿನ ಕೆಂಪು ಮೆಣಸಿನಪುಡಿ ಹಾಕಿದ ಆಲೂಗಡ್ಡೆ. ಎಲ್ಲರೂ ತಲೆ ತಗ್ಗಿಸಿ ತಿಂದರು. ರೊಜಾಲ್ ಮಾತ್ರ ಉಪ್ಪು ಸಾಲದು ಎಂದಳು.

ಸಂಜೆ ತರುತ್ತೇವೆ ಎಂದದ್ದು ಆಗಲಿಲ್ಲ. ಲೊರಿಂಟ್ಸನಿಗೆ ರಾತ್ರಿ ಪಾಳಿ ಬಂತು. ಮರುದಿನದಿಂದ ಎಮೊಕೆಯ ಮಂಚ ಚಿಕ್ಕ ಕೋಣೆಗೆ ಬಂದು, ಚಿತ್ರಗಳಿಗೆ ಜಾಗವೇ ಉಳಿಯಲಿಲ್ಲ. ಎತೆಲ್ಕಾ ಕೇಳಲೂ ಇಲ್ಲ. ಬೆಳಿಗ್ಗೆ ಎದ್ದು ತಾಯಿಯ ಮುಖ ತೊಳೆಸುವುದು, ಹಾಲಿಗೆ ಸಾಲು ನಿಲ್ಲುವುದು, ಎಲೆಕೋಸು ಹೆಚ್ಚಿ ಉಪ್ಪಿಗೆ ಹಾಕುವುದು. ಮಗಳ ಜೊತೆ ಬೇಕಾದಷ್ಟೇ ಮಾತು: "ಬ್ರೆಡ್ಡು ಮುಗಿದಿದೆ." "ತರ್ತೀನಿ." ಹೀಗೆ ಮೂರು ವಾರ.

ಅಕ್ಟೋಬರ್ ಮುಗಿಯುವಾಗ ಕಲ್ಲಿದ್ದಲು ತರಲು ಇಳಿದ ಲೊರಿಂಟ್ಸ್ ಬರಿಗೈಯಲ್ಲಿ ಮೇಲೆ ಬಂದ. ಅಡುಗೆಮನೆಯಲ್ಲಿ ಅತ್ತೆಯ ಎದುರು ನಿಂತುಕೊಂಡ.

"ಅತ್ತೆ, ನೆಲಮಾಳಿಗೇಲಿ ನೀರು ಜಿನುಗಿದೆ. ಇಲಿಗಳು ಹಿಟ್ಟಿನ ಅಂಟು ತಿಂದಿವೆ. ಐದು ಹೋದ್ವು. ನಾಲ್ಕು ಉಳಿದಿವೆ, ಆದ್ರೆ ಕಲ್ಲಿದ್ದಲ ಕರಿ ಹತ್ತಿದೆ."

ಎತೆಲ್ಕಾ ಚಾಕು ಕೆಳಗಿಟ್ಟಳು.

"ಹೊತ್ತು ಹಾಕಿದೋನು ನಾನೇ," ಎಂದ ಲೊರಿಂಟ್ಸ್. "ಅವಳನ್ನ ಬೈಬೇಡಿ. ಅವಳು ಹೇಳಿದ್ಲು, ನಾನು ಹೊತ್ತೆ. ಬೇಡ ಅನ್ನಬಹುದಿತ್ತು. ಅನ್ನಲಿಲ್ಲ."

"ನಾನೂ ಅನ್ನಲಿಲ್ವಲ್ಲಪ್ಪ," ಎಂದಳು ಎತೆಲ್ಕಾ. ಆಮೇಲೆ, "ಕೂತ್ಕೋ, ಸಾರು ಆರಿಹೋಗುತ್ತೆ," ಎಂದಳು.

ಅವನು ನಾಲ್ಕು ಚಿತ್ರಗಳನ್ನು ಮೇಲೆ ತಂದು ಒರೆಸಿದ. ರೊಜಾಲಳ ಮಂಚದ ಬಳಿ ಇಟ್ಟಾಗ ಮುದುಕಿ ಕೈ ಚಾಚಿ ಒಂದರ ಮೇಲೆ ಬೆರಳಾಡಿಸಿದಳು. "ಇದು ನಾನು ನೇಯ್ದದ್ದು," ಎಂದಳು. "ಇಲ್ಲಿ ಎಳೆ ದಪ್ಪ ಇದೆ ನೋಡು. ಆ ವರ್ಷ ಅಗಸೆ ಚೆನ್ನಾಗಿ ಬಂದಿರಲಿಲ್ಲ." ಆಮೇಲೆ, "ಇದರ ಮೇಲೆ ಏನು ಬರ್ದಿದ್ದೀಯೇ?" ಎಂದಳು.

"ಏನೂ ಇಲ್ಲಮ್ಮ. ಕಂದು, ಹಳದಿ."

"ಮತ್ತೆ ಇಷ್ಟು ರಂಪ ಯಾಕೆ?"

ಎಮೊಕೆ ಕಿಸಕ್ಕನೆ ನಕ್ಕಳು. ಎತೆಲ್ಕಾಳಿಗೂ ನಗು ಬಂತು. ಆಗೊತಾ ಮಾತ್ರ ನಗಲಿಲ್ಲ. ಅವಳು ಬಾಗಿಲಲ್ಲಿ ನಿಂತು, ಐದು ಖಾಲಿ ಚೌಕಟ್ಟುಗಳನ್ನು ಒಲೆಗೆ ಒಡೆಯುವುದೋ ಬಿಡುವುದೋ ಎಂದು ಗಂಡನನ್ನು ಕಣ್ಣಲ್ಲೇ ಕೇಳುತ್ತಿದ್ದಳು.

ನವೆಂಬರಿನ ಹದಿನೆಂಟಕ್ಕೆ ಪ್ರದರ್ಶನ ತೆರೆಯಿತು. ಸಂಸ್ಕೃತಿ ಭವನದಲ್ಲಿ ಎರಡು ಸಾಲು ಕುರ್ಚಿ, ತಟ್ಟೆಯಲ್ಲಿ ಉಪ್ಪು ಬಿಸ್ಕತ್ತು, ಹುಳಿ ವೈನು. ಹಾಲ್ಮೊಶಿ ಭಾಷಣ ಮಾಡಿದ. ನಲವತ್ತು ವರ್ಷ ಒಂದೇ ದಾರಿಯಲ್ಲಿ ನಡೆದ ಕಲಾವಿದೆ ಎಂದ. ಎತೆಲ್ಕಾ ಕರಿಯ ಉಡುಪಿನಲ್ಲಿ ಕೂತು ಕೇಳಿದಳು. ಆಗೊತಾ ಕಾರ್ಖಾನೆಯ ನಾಲ್ಕು ಜನ ಗೆಳತಿಯರನ್ನು ಕರೆದುಕೊಂಡು ಬಂದಿದ್ದಳು. ಅವರು ಪ್ಲಮ್ ಮರಗಳ ಮುಂದೆ "ಅಯ್ಯೋ, ಎಷ್ಟು ಚೆನ್ನಾಗಿದೆ!" ಎಂದಾಗ ಅವಳ ಮುಖ ಅರಳಿತು. ತಾಯಿಯ ಹೆಸರು ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಇದ್ದದ್ದನ್ನು ಅವಳು ಕಂಡದ್ದು ಹದಿನಾಲ್ಕು ವರ್ಷಗಳ ನಂತರ.

ಕೊನೆಗೆ ಒಬ್ಬ ಮುದುಕಿ ಕೈಕೋಲು ಊರಿಕೊಂಡು ಎತೆಲ್ಕಾಳ ಹತ್ತಿರ ಬಂದಳು. ತಲೆವಸ್ತ್ರ ಕಟ್ಟಿದ್ದಳು, ಮುಂದಿನ ಹಲ್ಲಿರಲಿಲ್ಲ.

"ನನ್ನ ಗುರ್ತು ಸಿಕ್ತಾ? ಬೊರ್ಚಾ. ಇಟ್ಟಿಗೆ ಕಾರ್ಖಾನೆ, ಎರಡನೇ ಗೂಡು."

"ಬೊರ್ಚಾ! ನೀನು ನನಗೆ ರಾತ್ರಿ ನಿನ್ನ ಹೊದಿಕೆ ಕೊಡ್ತಿದ್ದೆ."

"ಅದೇ. ಪೇಪರಲ್ಲಿ ನೋಡಿ ಬಂದೆ." ಬೊರ್ಚಾ ಕೋಲಿನಿಂದ, ಪ್ರದರ್ಶನಕ್ಕೆಂದು ತರಿಸಿ ಹಾಕಿದ್ದ ಇಟ್ಟಿಗೆ ಹೆಂಗಸರ ದೊಡ್ಡ ಚಿತ್ರವನ್ನು ತೋರಿಸಿದಳು. "ಆ ಮೂರನೇದು ನಾನಲ್ವಾ?"

"ನೀನೇ."

"ನನ್ನ ತಂಗಿ ಬಲಗಡೆ ಇದ್ದಾಳೆ. ಅವಳು ಹೋದ್ಲು, ಪುಪ್ಪುಸದ ಕಾಯಿಲೆ. ಧೂಳು." ಬೊರ್ಚಾ ಕತ್ತು ಓರೆ ಮಾಡಿ ಮತ್ತೆ ನೋಡಿದಳು. "ಏನು ನಗ್ತಿದ್ದೀವಿ ಇಷ್ಟೊಂದು? ಯಾರಾದ್ರೂ ಬಿದ್ರಾ?"

"ನಾನೇ ನಗಿಸಿದೆ, ಬೊರ್ಚಾ. ಹೇಳಿದ್ರು ಅಂತ."

"ಹೋಗ್ಲಿ ಬಿಡು. ನಮಗೂ ಹೇಳ್ತಿದ್ರು." ಬೊರ್ಚಾ ತಟ್ಟೆಯಿಂದ ಬಿಸ್ಕತ್ತು ಎರಡು ತೆಗೆದು ಕೈಚೀಲಕ್ಕೆ ಹಾಕಿಕೊಂಡಳು. "ಆದ್ರೂ ನನ್ನ ಹಲ್ಲು ಅಷ್ಟು ಚೆನ್ನಾಗಿ ಯಾವತ್ತೂ ಇರಲಿಲ್ಲ. ಅದಕ್ಕೆ ಥ್ಯಾಂಕ್ಸು."

ಎತೆಲ್ಕಾ ಅವಳನ್ನು ಟ್ರಾಮಿನವರೆಗೆ ಬಿಟ್ಟು ಬಂದಳು. ಮನೆಗೆ ಬಂದು, ಊಟ ಬೇಡವೆಂದು ಮಲಗಿದಳು.

ಡಿಸೆಂಬರಿನ ಮೊದಲ ವಾರ ಕಾಗದ ಬಂತು. ಊರಂಚಿನ ಹೊಸ ಬಡಾವಣೆಯಲ್ಲಿ, ಏಳನೇ ಮಹಡಿಯಲ್ಲಿ ಸ್ಟುಡಿಯೋ ಮನೆ. ಒಂದು ಕೋಣೆ, ಉತ್ತರಕ್ಕೆ ದೊಡ್ಡ ಕಿಟಕಿ, ಸ್ನಾನದ ಮನೆ ಒಳಗೇ. ಕಲಾವಿದೆ ಮತ್ತು ಆಕೆಯ ಆಶ್ರಯದಲ್ಲಿರುವ ವಯಸ್ಸಾದವರು ಮಾತ್ರ ಇರಬಹುದು.

ಭಾನುವಾರದ ಊಟಕ್ಕೆ ಎಲ್ಲರೂ ಕೂತಿದ್ದರು. ಗಸಗಸೆ ಸಕ್ಕರೆ ಉದುರಿಸಿದ ಶಾವಿಗೆ. ಆಗೊತಾ ಲೆಕ್ಕಾಚಾರವನ್ನೆಲ್ಲ ಆಗಲೇ ಮುಗಿಸಿದ್ದಳು.

"ಅಮ್ಮನೂ ಅಜ್ಜಿಯೂ ಅಲ್ಲಿಗೆ ಹೋಗ್ತಾರೆ. ಚಿಕ್ಕ ಕೋಣೆ ಎಮೊಕೆಗೆ. ಅಜ್ಜಿಗೂ ಒಳ್ಳೇದು, ಅಲ್ಲಿ ಲಿಫ್ಟ್ ಇದೆ."

"ಲಿಫ್ಟ್ ನನಗ್ಯಾಕೆ? ನಾನು ಎಲ್ಲಿಗೆ ಹೋಗ್ತೀನಿ?" ಎಂದಳು ರೊಜಾಲ್.

"ಅಮ್ಮನ್ನ ಕರ್ಕೊಂಡು ಹೋಗ್ತೀನಿ," ಎಂದಳು ಎತೆಲ್ಕಾ. ಸ್ವರದಲ್ಲಿ ಏನೂ ಇರಲಿಲ್ಲ. ಕೈಯಲ್ಲಿದ್ದ ಚಮಚ ಮಾತ್ರ ನಿಂತುಬಿಟ್ಟಿತ್ತು.

"ನಾನು ಬರಲ್ಲ," ಎಂದಳು ರೊಜಾಲ್.

"ಅಜ್ಜಿ!"

"ಬರಲ್ಲ ಕಣೇ. ಇವಳು ಬರೀಬೇಕಾದ್ರೆ ಮಾತಾಡಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಕುಂಚದ ಸದ್ದು ಕೇಳ್ತಾ ಕೂತಿರಬೇಕು. ನನಗೆ ಕಣ್ಣಿಲ್ಲ. ಇಲ್ಲಾದ್ರೆ ನೀವು ಕಿತ್ತಾಡ್ತೀರಿ, ಯಾರು ಮನೇಲಿದ್ದಾರೆ ಯಾರಿಲ್ಲ ಅಂತ ಗೊತ್ತಾಗುತ್ತೆ. ಕಾವಲುಗಿತ್ತಿ ಬರ್ತಾಳೆ. ಬಾವಿಗೆ ಇಳಿಸಿದ ಹಾಗೆ ಏಳನೇ ಮಹಡೀಲಿ ಇರೋಕೆ ನನ್ನ ಕೈಲಾಗಲ್ಲ."

"ಹಾಗಾದ್ರೆ ನಿನ್ನನ್ನ ನೋಡ್ಕೊಳ್ಳೋರು ಯಾರು? ನಾನು ಪಾಳಿಗೆ ಹೋಗೋಳು!" ಎಂದಳು ಆಗೊತಾ.

"ನಾನು ನೋಡ್ಕೋತೀನಿ," ಎಂದಳು ಎಮೊಕೆ.

"ನೀನು ನಿನ್ನ ಜಡೆ ನೋಡ್ಕೋ ಸಾಕು," ಎಂದು ಆಗೊತಾ ತಟ್ಟೆ ದೂಡಿದಳು. ತಾಯಿಯ ಕಡೆ ತಿರುಗಿದಳು. "ನೀನೇ ಹೇಳು. ನೀನು ಹೇಳಿದ್ರೆ ಬರ್ತಾರೆ."

ಎತೆಲ್ಕಾ ಚಮಚ ತಟ್ಟೆಯಲ್ಲಿಟ್ಟಳು. ಆಮೇಲೆ, "ಹೇಳಲ್ಲ," ಎಂದಳು. "ನಲವತ್ತು ವರ್ಷ ಬೇಕಾಯ್ತು ಆಗೊತಾ, ನನಗೆ ಬಾಗಿಲಿರೋ ಕೋಣೆ ಸಿಗೋಕೆ. ವಾರಕ್ಕೆ ಎರಡು ದಿನ ಬಂದು ಅಮ್ಮಂಗೆ ಸ್ನಾನ ಮಾಡಿಸ್ತೀನಿ, ಅಡುಗೆ ಮಾಡಿಟ್ಟು ಹೋಗ್ತೀನಿ. ಅದಕ್ಕಿಂತ ಜಾಸ್ತಿ ಆಗಲ್ಲ."

"ನಿನ್ನ ಕೈಲಿ ಆಗಲ್ಲ. ಯಾವತ್ತೂ ಆಗಿಲ್ಲ," ಎಂದು ಆಗೊತಾ ಎದ್ದು ಹೋದಳು.

ಕ್ರಿಸ್‌ಮಸ್ಸಿಗೆ ಮುಂಚೆ ಲೊರಿಂಟ್ಸ್ ಕೈಗಾಡಿ ತಂದ. ಮಂಚ, ಒಂದು ಕುರ್ಚಿ, ಎರಡು ಪಾತ್ರೆ, ನಾಲ್ಕು ಚಿತ್ರ. ಏಳನೇ ಮಹಡಿಯಲ್ಲಿ ಅವನು ಒಂದು ಚಿತ್ರ ಎತ್ತಿ ಹಿಡಿದು, ಅತ್ತ ಇತ್ತ ತಿರುಗಿಸಿ, "ಅತ್ತೆ, ಇದರ ತಲೆ ಯಾವ ಕಡೆ?" ಎಂದ.

"ನಿನಗೆ ಹಿಡಿಯೋಕೆ ಯಾವ ಕಡೆ ಸುಲಭವೋ ಅದು."

ಅವನು ಚಿತ್ರವನ್ನು ಜೋಪಾನವಾಗಿ ಗೋಡೆಗೆ ಆನಿಸಿ, ಕುಂಚಗಳಿಗೆಂದು ಮೂರು ಮೊಳೆ ಹೊಡೆದು ಹೋದ.

ಎತೆಲ್ಕಾಳಿಗೆ ಅಲ್ಲಿ ಮೊದಲ ವಾರ ಏನೂ ಮಾಡಲಾಗಲಿಲ್ಲ. ಗೋಡೆಗಳು ತೀರಾ ಬಿಳಿ, ಸದ್ದೇ ಇಲ್ಲ. ಐದು ಜನಕ್ಕೆ ಮಾಡಿ ಅಭ್ಯಾಸವಾದ ಕೈ ಪಾತ್ರೆ ತುಂಬ ಸಾರು ಮಾಡುತ್ತಿತ್ತು. ಮೂರು ದಿನ ಅದನ್ನೇ ತಿನ್ನುತ್ತಿದ್ದಳು. ಕರಿ ಹತ್ತಿದ ಚಿತ್ರಗಳನ್ನು ತೊಳೆದು ನೋಡಿದಳು, ಕಲೆ ಹೋಗಲಿಲ್ಲ, ಬಿಟ್ಟಳು. ಮಂಗಳವಾರ, ಶುಕ್ರವಾರ ಎರಡು ಟ್ರಾಮ್ ಬದಲಾಯಿಸಿ ಹಳೇ ಮನೆಗೆ ಹೋಗಿ ತಾಯಿಗೆ ಸ್ನಾನ ಮಾಡಿಸಿ, ಹುರುಳಿ ಸಾರು ಮಾಡಿಟ್ಟು ಬರುತ್ತಿದ್ದಳು. ಆ ಹೊತ್ತಿನಲ್ಲಿ ಆಗೊತಾ ಪಾಳಿಯಲ್ಲಿರುತ್ತಿದ್ದಳು. ಆ ಹೊತ್ತನ್ನು ಆರಿಸಿಕೊಂಡದ್ದು ಇಬ್ಬರಲ್ಲಿ ಯಾರು ಎಂದು ಹೇಳುವುದು ಕಷ್ಟ. ಐದು ವಾರ ಎತೆಲ್ಕಾ, ಆಗೊತಾ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸುದ್ದಿಯೆಲ್ಲ ರೊಜಾಲಳಿಂದ.

"ನಿನ್ನ ಮಗಳು ಸೊರಗಿದ್ದಾಳೆ," ಎನ್ನುತ್ತಿದ್ದಳು ರೊಜಾಲ್, ಬೆನ್ನು ಉಜ್ಜಿಸಿಕೊಳ್ಳುತ್ತಾ.

"ನಿನಗೆ ಹೇಗೆ ಗೊತ್ತು, ಕಣ್ಣು ಕಾಣದೆ?"

"ಮೆಟ್ಟಿಲು ಹತ್ತೋ ಸದ್ದು. ಎರಡನೇ ಮಹಡೀಲಿ ನಿಂತ್ಕೋತಾಳೆ."

ಜನವರಿಯ ಕೊನೆಯಲ್ಲಿ, ಒಂದು ಬುಧವಾರ ಮಧ್ಯಾಹ್ನ ಮೂರಕ್ಕೆ ಸ್ಟುಡಿಯೋದ ಬಾಗಿಲನ್ನು ಯಾರೋ ಬಡಿದರು. ಆಗೊತಾ ನಿಂತಿದ್ದಳು. ಕಾರ್ಖಾನೆಯ ನೀಲಿ ಅಂಗಿಯ ಮೇಲೆಯೇ ಕೋಟು ಹಾಕಿಕೊಂಡಿದ್ದಳು, ಬೂಟಿನ ತುಂಬ ಹಿಮ.

"ಜಗಳ ಮಾಡೋಕೆ ಬಂದಿದ್ದೀನಿ," ಎಂದಳು.

"ಬಾ, ಒಳಗೆ ಬಂದು ಮಾಡು. ಮೆಟ್ಟಿಲ ಮೇಲೆ ಚಳಿ."

ಆಗೊತಾ ಒಂದೇ ಇದ್ದ ಕುರ್ಚಿಯಲ್ಲಿ ಕೂತಳು. "ಅಜ್ಜಿ ಹಾಸಿಗೇಲೇ ಮಾಡ್ಕೋತಿದ್ದಾರೆ. ನಿನಗೆ ಹೇಳಬೇಡ ಅಂದಿದ್ದಾರೆ, ನಾಚಿಕೆ. ದಿನಾ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಒಗೆದು ಹೋಗ್ತೀನಿ. ಎಮೊಕೆ ಶಾಲೆಯಿಂದ ಓಡಿ ಬರ್ತಾಳೆ. ನೀನು ವಾರಕ್ಕೆರಡು ದಿನ ದೇವತೆ ಥರ ಬಂದು ಸಾರು ಇಟ್ಟು ಹೋಗ್ತೀಯ. ಅಜ್ಜಿ ಆಮೇಲೆ ಎರಡು ದಿನ ನಿನ್ನ ಸಾರನ್ನೇ ಹೊಗಳ್ತಾರೆ. ನನಗೆ ಮೈ ಉರಿಯುತ್ತೆ."

"ನನಗೆ ಗೊತ್ತಿರಲಿಲ್ಲ."

"ಗೊತ್ತಿರಲಿಲ್ಲ! ಅದೇ ನಿನ್ನ..." ಆಗೊತಾ ಕೋಟನ್ನೂ ಬಿಚ್ಚಿರಲಿಲ್ಲ.

"ಇನ್ನು ಮೇಲೆ ಸೋಮವಾರದಿಂದ ಶುಕ್ರವಾರದವರೆಗೆ ದಿನಾ ಬೆಳಿಗ್ಗೆ ನಾನು ಬರ್ತೀನಿ," ಎಂದಳು ಎತೆಲ್ಕಾ. "ಮಧ್ಯಾಹ್ನದ ಮೇಲೆ ಇಲ್ಲಿರ್ತೀನಿ. ನೀನು ನಾಲ್ಕಕ್ಕೆ ಏಳಬೇಡ, ಒಗೆಯೋದು ನನಗಿರಲಿ."

"ಮಧ್ಯಾಹ್ನ ನಿನಗೆ ಬೆಳಕಿರಲ್ಲ. ಚಳಿಗಾಲ."

"ಇದ್ದಷ್ಟು ಇರುತ್ತೆ."

ಆಗೊತಾ ಜಗಳಕ್ಕೆಂದು ಕೂಡಿಸಿ ತಂದದ್ದೆಲ್ಲ ಇದ್ದಕ್ಕಿದ್ದಂತೆ ಖಾಲಿಯಾಯಿತು. ಕೋಣೆ ಬೆಚ್ಚಗಿತ್ತು. ಎತೆಲ್ಕಾ ಸಾರು ಬಿಸಿಗಿಟ್ಟು ತಿರುಗುವಷ್ಟರಲ್ಲಿ ಅವಳು ಕುರ್ಚಿಯಲ್ಲೇ ನಿದ್ದೆ ಹೋಗಿದ್ದಳು. ಕತ್ತು ಒಂದು ಕಡೆ ವಾಲಿತ್ತು, ಕಾಲುಗಳು ಎರಡು ದಿಕ್ಕಿಗೆ ಚಾಚಿದ್ದವು, ಕಾರ್ಖಾನೆಯ ನೂಲೆಳೆಗಳಿಂದ ಕುಯ್ದುಹೋದ ಬೆರಳುಗಳು ಮಡಿಲಲ್ಲಿ ಬಿಚ್ಚಿಕೊಂಡಿದ್ದವು.

ಎತೆಲ್ಕಾ ಒಲೆ ಸಣ್ಣ ಮಾಡಿದಳು. ನಿಂತು ನೋಡಿದಳು. ಆಮೇಲೆ ಸದ್ದಾಗದ ಹಾಗೆ ಒಂದು ಕಾಗದ ತೆಗೆದು, ಹಳೇ ಪಾತ್ರೆಯ ತಳದ ಮಸಿ ಬೆರಳಿಗೆ ಒತ್ತಿಕೊಂಡು ಬರೆಯತೊಡಗಿದಳು. ಹದಿನಾಲ್ಕು ವರ್ಷಗಳಿಂದ ಅವಳು ಮನುಷ್ಯರನ್ನು ಬರೆದಿರಲಿಲ್ಲ. ಪ್ಲಮ್ ಮರದ ಕಾಲದ ಹಾಗೆ ಬರಲಿಲ್ಲ, ಇಟ್ಟಿಗೆ ಕಾಲದ ಹಾಗೂ ಬರಲಿಲ್ಲ. ಮೊದಲ ಕಾಗದ ಕೆಟ್ಟಿತು. ಎರಡನೆಯದರಲ್ಲಿ ಕೋಟಿನ ಭಾರ ಬಂತು. ಮೂರನೆಯದರಲ್ಲಿ ಆಗೊತಾ ಬಂದಳು.

ಆಗೊತಾ ಕಣ್ಣು ಬಿಟ್ಟಾಗ ತಾಯಿ ನೆಲದ ಮೇಲೆ ಕೂತಿದ್ದಳು, ಕೈಯೆಲ್ಲ ಮಸಿ.

"ಏನು ಮಾಡ್ತಿದ್ದೀಯ?"

ಎತೆಲ್ಕಾ ಬಚ್ಚಿಡಲಿಲ್ಲ, ತೋರಿಸಿದಳು. ಆಗೊತಾ ಕಾಗದವನ್ನು ಕಿಟಕಿಯ ಕಡೆ ಹಿಡಿದು ನೋಡಿದಳು.

"ಎಷ್ಟು ಮುದುಕಿ ಮಾಡಿದ್ದೀಯ ನನ್ನನ್ನ."

"ಬೇಡ ಅಂದ್ರೆ ಹರಿದು ಹಾಕು. ನೀನು ಮಲಗಿದ್ದೆ, ಕೇಳಲಿಲ್ಲ ನಾನು."

ಆಗೊತಾ ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಹರಿಯಲಿಲ್ಲ, ಚೆನ್ನಾಗಿದೆ ಎನ್ನಲೂ ಇಲ್ಲ. ಕಾಗದವನ್ನು ತಾಯಿಯ ಕೈಗೆ ಕೊಟ್ಟು, ಕೋಟು ಬಿಚ್ಚಿ ಮೊಳೆಗೆ ಸಿಕ್ಕಿಸಿದಳು.

"ಗಂಟೆ ಎಷ್ಟು?"

"ನಾಲ್ಕೂ ಕಾಲು."

"ಲೊರಿಂಟ್ಸ್ ಆರೂವರೆವರೆಗೂ ಮನೇಲಿರ್ತಾನೆ," ಎಂದು ಆಗೊತಾ ಮಂಚದ ಮೇಲೆ ಹೋಗಿ ಮಲಗಿದಳು. ಗೋಡೆಯ ಕಡೆ ತಿರುಗಿದವಳು, ಏನೋ ಯೋಚಿಸಿ, ಮತ್ತೆ ಕಿಟಕಿಯ ಕಡೆಗೆ ಹೊರಳಿದಳು. "ಐದೂವರೆಗೆ ಎಬ್ಬಿಸು," ಎಂದು ಕಣ್ಣು ಮುಚ್ಚಿದಳು.

ಎತೆಲ್ಕಾ ಹೊಸ ಕಾಗದ ತೆಗೆದುಕೊಂಡಳು.